ಕುಡಿತ ಬಿಡಲು ಯಾವ ಗುಂಪು ಸೇರಬೇಕು? ಎಎ, ಶಿಬಿರ, ಆಸ್ಪತ್ರೆ, ಆನ್‌ಲೈನ್: ಆರಿಸುವ ಮೊದಲು

‘ನಮ್ಮ ಯಜಮಾನರನ್ನು ಎಎ ಮೀಟಿಂಗ್‌ಗೆ ಕರೆದುಕೊಂಡು ಹೋಗಲಾ, ಮದ್ಯವರ್ಜನ ಶಿಬಿರಕ್ಕೆ ಸೇರಿಸಲಾ, ಇಲ್ಲ ನಿಮ್ಹಾನ್ಸ್‌ಗೇ ತೋರಿಸಲಾ?’ ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ. ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಕೇಳುವವರು ಹೆಚ್ಚಾಗಿ ಹೆಂಡತಿ, ಅಮ್ಮ, ಅಕ್ಕ-ತಂಗಿಯರು. ಈಚೆಗೆ ಕುಡಿಯುವವರೇ ಬಂದು ಕೇಳುವುದೂ ಉಂಟು. ಹಾಗೆ ಕೇಳಿದಾಗ ನನಗೆ ತುಂಬಾ ಖುಷಿಯಾಗುತ್ತದೆ.

ನಮ್ಮಣ್ಣ ಕುಡಿತ ಬಿಟ್ಟು 9 ವರ್ಷ ಆಯಿತು. ಅದಕ್ಕೂ ಮುಂಚೆ ನಾಲ್ಕು ವರ್ಷ ನಾವು ಈ ಎಲ್ಲ ಬಾಗಿಲುಗಳನ್ನೂ ತಟ್ಟಿದ್ದೇವೆ. ಯಾವುದೂ ಕೆಟ್ಟದ್ದಾಗಿರಲಿಲ್ಲ. ಆದರೆ ಯಾವುದು ಯಾವಾಗ ಬೇಕು ಅನ್ನೋದು ನಮಗೆ ಗೊತ್ತಿರಲಿಲ್ಲ. ಯಾರೋ ಒಬ್ಬರು ಕೂತು ವಿವರವಾಗಿ ಹೇಳಿದ್ದರೆ ಎರಡು ವರ್ಷವಾದರೂ ಉಳಿಯುತ್ತಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಕುಡಿತದ ಹಿಡಿತಕ್ಕೆ ಸಿಕ್ಕಿದ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಉಳಿದ 37 ಜನರ ಮನೆಗಳಲ್ಲಿ ಏನು ನಡೆಯುತ್ತಿರುತ್ತದೆ ಅಂತ ನನಗೆ ಗೊತ್ತು.

ಗುಂಪಿಗಿಂತ ಮೊದಲು ಮೈ ನೋಡಿಕೊಳ್ಳಿ

ಯಾವ ಗುಂಪು ಅನ್ನುವ ಮಾತಿಗೆ ಮುಂಚೆ ಇದನ್ನು ಓದಿ. ದಿನಾ ಕುಡಿಯುವವರು, ಬೆಳಗ್ಗೆ ಕೈ ನಡುಗಿ ಒಂದು ನೈಂಟಿ ಹಾಕಿದರೇನೇ ನಿಲ್ಲುತ್ತದೆ ಅನ್ನುವವರು, ಡಾಕ್ಟರ್ ಇಲ್ಲದೆ ಒಮ್ಮೆಗೇ ನಿಲ್ಲಿಸಬಾರದು. ಕೊನೆಯ ಗುಟುಕು ಕುಡಿದು 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ಅದು ಜೀವಕ್ಕೇ ಅಪಾಯ.

ನಮ್ಮಣ್ಣನಿಗೆ ಮೂರನೇ ರಾತ್ರಿ ಹೀಗಾಯಿತು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಅಂತ ಟವೆಲ್ ತಗೊಂಡು ಹೊಡೆಯುತ್ತಿದ್ದ. ಗಾಳಿ ಸೋಕಿದೆ ಅಂತ ದೊಡ್ಡಮ್ಮ ತಾಯತ ಕಟ್ಟಿಸಲು ಹೊರಟಿದ್ದರು. ಪಕ್ಕದ ಮನೆಯ ನರ್ಸ್ ನೋಡಿ ಆಟೋ ಕರೆಸದಿದ್ದರೆ ನಾವು ಅವನನ್ನು ಕಳೆದುಕೊಳ್ಳುತ್ತಿದ್ದೆವು.

ಇಂಥವರಿಗೆ ಮೊದಲು ಬೇಕಾದದ್ದು ಡಿಟಾಕ್ಸ್. ಅಂದರೆ ಡಾಕ್ಟರ್ ಕಣ್ಗಾವಲಲ್ಲಿ ಕೆಲವು ದಿನ ಮದ್ದು ಕೊಟ್ಟು ಮೈಯಿಂದ ಕುಡಿತ ಇಳಿಸುವುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ಇನ್ನೊಂದು ಮಾತು. ಕುಡಿತ ನಿಲ್ಲಿಸಿ ಸುಸ್ತಾದವರಿಗೆ ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಂಡು ಬರುವುದು ನಮ್ಮ ಕಡೆ ಮಾಮೂಲಿ. ಜಾಸ್ತಿ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ‘ಥಯಮಿನ್ ಕೊಟ್ರಾ ಡಾಕ್ಟ್ರೇ?’ ಅಂತ ಕೇಳಲು ಸಂಕೋಚ ಬೇಡ.

ವಾರಕ್ಕೊಮ್ಮೆ, ಎರಡು ಸಲ ಕುಡಿದು ಮನೆ ಕೆಡಿಸಿಕೊಳ್ಳುವವರಿಗೆ, ಕುಡಿಯದ ದಿನ ಮೈಯಲ್ಲಿ ಇಂಥ ತೊಂದರೆ ಇಲ್ಲದವರಿಗೆ, ಈ ಹಂತ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೇರವಾಗಿ ಗುಂಪಿಗೆ ಹೋಗಬಹುದು. ಗೊತ್ತಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮನೋ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಕ್ಕೇ ಅಂತ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಯಾವುದನ್ನು ನೋಡಿ ಆರಿಸಬೇಕು?

ದೂರ. ಕೆಲಸ ಮುಗಿಸಿ ಸಂಜೆ ಆರು ಗಂಟೆಯ ಹೊತ್ತಿಗೆ ಹೋಗಿ ಸೇರಬಹುದಾ? ಕುಡಿಯಬೇಕು ಅನ್ನಿಸುವುದು ಬಹಳ ಜನಕ್ಕೆ ಅದೇ ಹೊತ್ತಿನಲ್ಲಿ. ಎರಡು ಬಸ್ ಬದಲಿಸಿ ಹೋಗಬೇಕಾದ ಒಳ್ಳೆಯ ಗುಂಪಿಗಿಂತ ನಡೆದು ಹೋಗಬಹುದಾದ ಸಾಧಾರಣ ಗುಂಪೇ ಮೇಲು.

ಭಾಷೆ. ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವವರಿಗೂ ಅಳು ಬರುವುದು ತಮ್ಮ ಭಾಷೆಯಲ್ಲೇ.

ಗುಟ್ಟು. ಊರಿಗೆ ಗೊತ್ತಾದರೆ ನಿಮಗೆ ಬಲ ಬರುತ್ತದಾ, ಇಲ್ಲ ಮುಖ ತೋರಿಸಲು ಕಷ್ಟವಾಗುತ್ತದಾ? ಇದು ಒಬ್ಬೊಬ್ಬರಿಗೆ ಒಂದೊಂದು ಥರ.

ದೇವರು. ಭಜನೆ, ಪ್ರಾರ್ಥನೆ ಕೆಲವರಿಗೆ ಊರುಗೋಲು. ಕೆಲವರು ಅದನ್ನು ನೋಡಿದ ಕೂಡಲೇ ಎದ್ದು ಹೋಗುತ್ತಾರೆ.

ದುಡ್ಡು. ಫೀಸ್ ಒಂದೇ ಲೆಕ್ಕ ಹಾಕಬೇಡಿ. ಕೂಲಿ ಮಾಡುವವರಿಗೆ ಎಂಟು ದಿನ ಕೆಲಸ ಬಿಟ್ಟರೆ ಅದೂ ಖರ್ಚೇ.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಜಾರಿ ಮತ್ತೆ ಕುಡಿದರೆ, ಮರುದಿನ ಆ ಬಾಗಿಲಿಗೆ ಹೋಗಲು ಮನಸ್ಸಾಗುತ್ತದಾ? ಯಾಕೆ ಇದು ದೊಡ್ಡದು ಅಂದರೆ, ಬಿಟ್ಟವರಲ್ಲಿ ಬಹಳ ಜನ ಒಂದು ಸಲವಾದರೂ ಜಾರುತ್ತಾರೆ. ನಮ್ಮಣ್ಣ ಐದು ತಿಂಗಳು ಮುಟ್ಟಿರಲಿಲ್ಲ. ಯುಗಾದಿ ಮರುದಿನ ಹೊಸತೊಡಕು. ಬಾಡೂಟಕ್ಕೆ ಕೂತವರು ‘ವರ್ಷಕ್ಕೊಂದು ದಿನ, ಏನಾಗಲ್ಲ ತಗೋ’ ಅಂದರು. ಅವತ್ತು ಒಂದು ಗ್ಲಾಸ್. ಆ ವಾರದ ಕೊನೆಗೆ ಮೊದಲಿನಷ್ಟೇ. ಆ ಒಂದು ಗ್ಲಾಸ್‌ಗಿಂತ ಹೆಚ್ಚು ಹಾಳು ಮಾಡಿದ್ದು ಅವನ ನಾಚಿಕೆ. ‘ಎಲ್ಲರ ಮುಂದೆ ಆಣೆ ಮಾಡಿದ್ದೆ, ಯಾವ ಮುಖ ಇಟ್ಟುಕೊಂಡು ಹೋಗಲಿ’ ಅಂತ ಹತ್ತು ತಿಂಗಳು ಯಾವ ಗುಂಪಿಗೂ ಕಾಲಿಡಲಿಲ್ಲ. ಹಾಗಾಗಿ ಗುಂಪು ಆರಿಸುವಾಗ ಮೊದಲ ದಿನದ ಹುಮ್ಮಸ್ಸನ್ನು ನೋಡಬೇಡಿ. ಜಾರಿದ ಮರುದಿನದ ಬೆಳಗ್ಗೆಯನ್ನು ನೆನೆಸಿಕೊಂಡು ಆರಿಸಿ.

ಎಎ: ಗುಟ್ಟು ಉಳಿಯುತ್ತದೆ, ಹೋಗುವ ಜವಾಬ್ದಾರಿ ನಿಮ್ಮದೇ

ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರ ಮಾತುಕತೆಯಿಂದ ಶುರುವಾಯಿತು. ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್. ಕುಡಿತದಿಂದ ನಲುಗಿದವನ ಮಾತನ್ನು ಅದೇ ದಾರಿಯಲ್ಲಿ ಬಂದ ಇನ್ನೊಬ್ಬ ಕೇಳಿಸಿಕೊಂಡರೆ ಇಬ್ಬರೂ ಉಳಿಯುತ್ತಾರೆ ಅನ್ನುವುದೇ ಅದರ ಬೇರು. ಭಾರತಕ್ಕೆ 1957ರಲ್ಲಿ ಬಂತು. ಬೆಂಗಳೂರಿನಲ್ಲಿ ವಾರದ ಎಲ್ಲ ದಿನವೂ ಒಂದಲ್ಲ ಒಂದು ಬಡಾವಣೆಯಲ್ಲಿ ಮೀಟಿಂಗ್ ಇರುತ್ತದೆ. ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗ್‌ಗಳು ಬೇರೆ ಬೇರೆ ನಡೆಯುತ್ತವೆ. ಮಂಗಳೂರು, ಮೈಸೂರಿನಂಥ ಊರುಗಳಲ್ಲೂ ಇವೆ. ಚಿಕ್ಕ ಊರುಗಳಲ್ಲಿ ವಾರಕ್ಕೆ ಒಂದೋ ಎರಡೋ, ಬಹಳ ಕಡೆ ಇಲ್ಲವೇ ಇಲ್ಲ.

ಸೇರಲು ಒಂದೇ ಅರ್ಹತೆ: ಕುಡಿತ ಬಿಡಬೇಕು ಅನ್ನುವ ಆಸೆ. ಬಿಟ್ಟಿರಲೇಬೇಕು ಅಂತಿಲ್ಲ. ಅರ್ಜಿ ಇಲ್ಲ, ಆಧಾರ್ ಕೇಳುವುದಿಲ್ಲ, ಮನೆತನದ ಹೆಸರು ಬೇಕಿಲ್ಲ. ಒಂದರಿಂದ ಒಂದೂವರೆ ಗಂಟೆ ಕೂರುತ್ತಾರೆ. ಒಬ್ಬೊಬ್ಬರಾಗಿ ಎದ್ದು ತಮ್ಮ ಅನುಭವ ಹೇಳುತ್ತಾರೆ, ಅದಕ್ಕೆ ಶೇರಿಂಗ್ ಅನ್ನುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕೊನೆಗೆ ಚಹಾ, ಬಾಡಿಗೆ ಖರ್ಚಿಗೆ ಒಂದು ಡಬ್ಬಿ ಬರುತ್ತದೆ. ಹತ್ತೋ ಇಪ್ಪತ್ತೋ ಹಾಕಬಹುದು, ಹಾಕದೆಯೂ ಇರಬಹುದು. ಹೊರಗಿನವರ ದೇಣಿಗೆಯನ್ನು ಎಎ ತೆಗೆದುಕೊಳ್ಳುವುದಿಲ್ಲ. ಸ್ವಲ್ಪ ದಿನದ ಮೇಲೆ, ಹಳಬರೊಬ್ಬರನ್ನು ಸ್ಪಾನ್ಸರ್ ಆಗಿ ಅಂತ ಕೇಳಿಕೊಳ್ಳಬಹುದು. ಕುಡಿತದಿಂದ ಹೊರಬರಲು ಒಂದಾದ ಮೇಲೊಂದು ಇಡಬೇಕಾದ ಹನ್ನೆರಡು ಹೆಜ್ಜೆಗಳು ಅಂತ ಎಎಯಲ್ಲಿ ಇವೆ, ಆ ದಾರಿಯಲ್ಲಿ ಅವರು ಜೊತೆ ಬರುತ್ತಾರೆ. ಕುಡಿಯಬೇಕು ಅನ್ನಿಸಿದ ರಾತ್ರಿ ಫೋನ್ ಎತ್ತುತ್ತಾರೆ. ನಮ್ಮಣ್ಣನ ಸ್ಪಾನ್ಸರ್ ಒಬ್ಬ ಲಾರಿ ಮೆಕ್ಯಾನಿಕ್. ರಾತ್ರಿ ಹನ್ನೊಂದಕ್ಕೆ ಅವರ ಜೊತೆ ಅಣ್ಣ ಮಾತಾಡುತ್ತಿದ್ದುದನ್ನು ಕೋಣೆಯ ಹೊರಗೆ ನಿಂತು ಕೇಳಿದ್ದೇನೆ. ನಮಗೆ ನಾಲ್ಕು ವರ್ಷದಲ್ಲಿ ಹೇಳದಿದ್ದನ್ನು ಅವರಿಗೆ ನಾಲ್ಕು ವಾರದಲ್ಲಿ ಹೇಳಿದ್ದ.

ಎಎಯ ದೊಡ್ಡ ಗುಣ ಜಾರಿದವರನ್ನು ನಡೆಸಿಕೊಳ್ಳುವ ರೀತಿ. ಹತ್ತು ತಿಂಗಳ ಮೇಲೆ ಅಣ್ಣ ಮೊದಲ ಸಲ ಆ ಬಾಗಿಲಲ್ಲಿ ನಿಂತಾಗ, ಬಾಯಲ್ಲಿ ಹಿಂದಿನ ರಾತ್ರಿಯ ವಾಸನೆ ಇನ್ನೂ ಇತ್ತು. ಹಿರಿಯರೊಬ್ಬರು ‘ಬಾರಪ್ಪ, ಕೂತ್ಕೋ, ಚಾ ಕುಡಿ’ ಅಂದರು, ಅಷ್ಟೇ. ಲೆಕ್ಕ ಕೇಳಲಿಲ್ಲ. ಅಲ್ಲಿ ಜೀವಮಾನದ ಆಣೆ ಇಲ್ಲ. ಈ ಒಂದು ದಿನ ಕುಡಿಯುವುದಿಲ್ಲ, ನಾಳೆಯದು ನಾಳೆ ಅನ್ನುತ್ತಾರೆ.

ಕೊರತೆಗಳೂ ಇವೆ. ಎಎ ಯಾರನ್ನೂ ಹುಡುಕಿಕೊಂಡು ಬರುವುದಿಲ್ಲ. ನೀವು ಮೂರು ವಾರ ಹೋಗದಿದ್ದರೆ, ಸ್ಪಾನ್ಸರ್ ಇದ್ದರೆ ಫೋನ್ ಮಾಡಿಯಾರು, ಇಲ್ಲದಿದ್ದರೆ ಇಲ್ಲ. ಡಾಕ್ಟರ್ ಇರುವುದಿಲ್ಲ. ಮಾತ್ರೆ ಇಲ್ಲದೆ ಬಿಟ್ಟ ಹಳಬರು ಕೆಲವೊಮ್ಮೆ ‘ಆ ಮಾತ್ರೆಯೆಲ್ಲ ಬಿಡು’ ಅನ್ನುವುದುಂಟು. ಅದನ್ನು ಕೇಳಬೇಡಿ. ಅದು ಅವರ ಸ್ವಂತ ಅಭಿಪ್ರಾಯ, ಎಎಯ ನಿಯಮ ಅಲ್ಲ. ಹೆಚ್ಚಿನ ಮೀಟಿಂಗ್‌ಗಳಲ್ಲಿ ಗಂಡಸರೇ ತುಂಬಿರುತ್ತಾರೆ. ಹೆಂಗಸರು ಹೋಗುವುದಾದರೆ, ಅಲ್ಲಿ ಬೇರೆ ಹೆಂಗಸರು ಬರುತ್ತಾರಾ ಅಂತ ಮೊದಲೇ ಫೋನ್‌ನಲ್ಲಿ ಕೇಳಿಕೊಳ್ಳಿ.

ತುಂಬಾ ಮನೆಗಳಲ್ಲಿ ಕೇಳುವ ಅನುಮಾನ ಒಂದಿದೆ. ‘ಚರ್ಚ್‌ನಲ್ಲಿ ಮೀಟಿಂಗ್ ಅಂತೆ, ಮತಾಂತರ ಮಾಡಿಬಿಡ್ತಾರಾ?’ ಇಲ್ಲ. ಚರ್ಚ್ ಅಥವಾ ಶಾಲೆಯ ಕೋಣೆ ಕಡಿಮೆ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಅಲ್ಲಿ ಸೇರುತ್ತಾರೆ. ಎಎ ಯಾವ ಧರ್ಮಕ್ಕೂ, ಪಕ್ಷಕ್ಕೂ ಸೇರಿದ್ದಲ್ಲ. ಪ್ರಾರ್ಥನೆ ಇರುತ್ತದೆ, ದೇವರ ಮಾತೂ ಬರುತ್ತದೆ. ಆದರೆ ‘ನಾವು ಅರಿತುಕೊಂಡ ಹಾಗಿನ ದೇವರು’ ಅನ್ನುತ್ತಾರೆ. ಅಣ್ಣನ ಗುಂಪಿನಲ್ಲಿ ಒಬ್ಬರಿಗೆ ಮಾದಪ್ಪ, ಒಬ್ಬರಿಗೆ ಅಲ್ಲಾ, ಇನ್ನೊಬ್ಬರಿಗೆ ದೇವರೇ ಇಲ್ಲ, ಆ ಗುಂಪೇ ದೊಡ್ಡ ಶಕ್ತಿ.

ಇದು ನಿಜವಾಗಿ ಕೆಲಸ ಮಾಡುತ್ತದಾ ಅಂತ ಓದಿದವರು ಕೇಳುತ್ತಾರೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಪೂರ್ತಿಯಾಗಿ ಕುಡಿಯದೆ ಉಳಿಯುವ ವಿಚಾರದಲ್ಲಿ, ಎಎ ಕಡೆಗೆ ಕ್ರಮವಾಗಿ ಕರೆದೊಯ್ಯುವ ಚಿಕಿತ್ಸೆ ಬೇರೆ ಮನೋಚಿಕಿತ್ಸೆಗಳಿಗಿಂತ ಮೇಲಾಗಿತ್ತು.

ಶಿಬಿರ ಮತ್ತು ನವಜೀವನ ಸಮಿತಿ: ಊರೇ ಜೊತೆಗೆ ನಿಲ್ಲುತ್ತದೆ

ಹಳ್ಳಿ, ತಾಲ್ಲೂಕು ಕಡೆಯವರಿಗೆ ಕಣ್ಣಿಗೆ ಬೀಳುವ ದಾರಿ ಇದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಸೇರಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಅಲ್ಲೇ ಉಳಿಯಬೇಕು. ಯೋಗ, ಭಜನೆ, ಸಲಹೆಗಾರರ ಮಾತು, ಗುಂಪಿನ ಚರ್ಚೆ, ಮನೆಯವರನ್ನು ಕೂರಿಸಿ ಮಾತಾಡಿಸುವ ದಿನ ಇರುತ್ತದೆ. ಖರ್ಚನ್ನು ಹೆಚ್ಚಾಗಿ ಊರಿನವರ ಸಮಿತಿ ಮತ್ತು ದಾನಿಗಳು ಹೊರುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಸಭೆ ಸೇರುತ್ತಾರೆ. ನಿಮಗೆ ಬೇಕಾದ ಬೆಂಬಲ ಗುಂಪು ಅದೇ. ಬಹಳ ಜನ ಎಂಟು ದಿನದ ಶಿಬಿರವೇ ಚಿಕಿತ್ಸೆ, ಮುಗಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಎಂಟು ದಿನ ಬರೀ ಬಾಗಿಲು. ಒಳಗೆ ಇರಬೇಕಾದದ್ದು ಆಮೇಲಿನ ಒಂದೆರಡು ವರ್ಷ.

ಇಲ್ಲಿನ ಬಲ ಎಎಗೆ ಪೂರ್ತಿ ಉಲ್ಟಾ. ಗುಟ್ಟು ಅನ್ನುವುದೇ ಇಲ್ಲ. ಇಡೀ ಊರಿಗೆ ಗೊತ್ತು. ಗಾಂಧಿ ಜಯಂತಿಯ ಹೊತ್ತಿಗೆ ಸಮಾವೇಶ ಮಾಡಿ ಬಿಟ್ಟವರನ್ನು ವೇದಿಕೆಗೆ ಕರೆಯುತ್ತಾರೆ. ಹೆಂಡತಿ, ಮಕ್ಕಳ ಮುಂದೆ ಮಾನ ಮರಳಿ ಬರುತ್ತದೆ. ಊರಲ್ಲಿ ‘ಕುಡುಕ’ ಅಂತಲೇ ಕರೆಸಿಕೊಂಡವನಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತ ಪಟ್ಟಣದವರಿಗೆ ಬೇಗ ಅರ್ಥವಾಗುವುದಿಲ್ಲ. ಜೊತೆಗೆ, ಸಭೆಗೆ ಬರದಿದ್ದರೆ ಗೊತ್ತಿರುವವರು ಮನೆಗೇ ಬಂದು ವಿಚಾರಿಸುತ್ತಾರೆ. ಹೆಂಡತಿ ಸ್ವಸಹಾಯ ಸಂಘದಲ್ಲಿದ್ದರೆ ಅವರಿಗೂ ನಾಲ್ಕು ಜನರ ಆಸರೆ ಸಿಗುತ್ತದೆ.

ಕಷ್ಟವೂ ಅಲ್ಲೇ ಇದೆ. ಎಲ್ಲರ ಮುಂದೆ ಆಣೆ ಮಾಡಿದವರಿಗೆ ಜಾರಿದಾಗ ನಾಚಿಕೆ ದುಪ್ಪಟ್ಟು. ಇದು ಶಿಬಿರದವರ ತಪ್ಪಲ್ಲ, ನಮ್ಮ ಮನಸ್ಸೇ ಹಾಗೆ. ಅದಕ್ಕೆ ಸೇರುವ ದಿನವೇ ಮನೆಯವರು ಒಂದು ಮಾತು ಆಡಿಟ್ಟುಕೊಳ್ಳಿ: ‘ಜಾರಿದರೆ ಮುಚ್ಚಿಡಬೇಡ, ಮರುದಿನವೇ ಸಮಿತಿಯ ಇಂಥವರಿಗೆ ಹೇಳೋಣ.’ ಆ ‘ಇಂಥವರು’ ಯಾರು ಅಂತ ಹೆಸರು ಹಿಡಿದು ತೀರ್ಮಾನಿಸಿ. ಭಜನೆ, ದೇವರು ಒಗ್ಗದವರಿಗೆ ಇದು ಹೊಂದುವುದಿಲ್ಲ. ನಡುಕ ಜಾಸ್ತಿ ಇರುವವರು, ಹಿಂದೆ ಫಿಟ್ಸ್ ಬಂದವರು, ಲಿವರ್ ತೊಂದರೆ ಇರುವವರು ಶಿಬಿರಕ್ಕೆ ಮುಂಚೆ ಆಸ್ಪತ್ರೆಗೆ ಹೋಗಬೇಕು, ಸೇರುವಾಗ ಅದನ್ನು ಹೇಳಲೇಬೇಕು.

ಮುಂದಿನ ಶಿಬಿರ ಎಲ್ಲಿ, ಯಾವಾಗ ಅಂತ ತಿಳಿಯಲು ಊರಿನ ಸಂಘದ ಹೆಂಗಸರನ್ನೋ ಯೋಜನೆಯ ಸೇವಾಪ್ರತಿನಿಧಿಯನ್ನೋ ಕೇಳಿ.

ಆಸ್ಪತ್ರೆಯ ಗುಂಪು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮನೋರೋಗ ಆಸ್ಪತ್ರೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಇಲ್ಲಿ ಗುಂಪು ಚಿಕಿತ್ಸೆಯನ್ನು ತರಬೇತಿ ಪಡೆದವರು ನಡೆಸುತ್ತಾರೆ. ಕುಡಿತದ ಜೊತೆಗೆ ಖಿನ್ನತೆ, ಭಯ, ನಿದ್ದೆ ಬಾರದಿರುವುದು, ಸಾಯುವ ಯೋಚನೆ ಇರುವವರು ಬೇರೆ ಯಾವುದಕ್ಕೂ ಮೊದಲು ಇಲ್ಲಿಗೇ ಬರಬೇಕು. ಬರೀ ಗುಂಪಿನಿಂದ ಅದು ವಾಸಿಯಾಗುವುದಿಲ್ಲ.

ಕುಡಿಯುವ ಸೆಳೆತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಥರದ ಮಾತ್ರೆಗಳು ಇಲ್ಲಿ ಸಿಗುತ್ತವೆ. ಡೈಸಲ್ಫಿರಾಮ್ ಅಂತ ಇನ್ನೊಂದಿದೆ. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಬಿಪಿ ಇಳಿದು, ಪ್ರಾಣಕ್ಕೇ ಕುತ್ತು ಬರಬಹುದು. ದಯವಿಟ್ಟು ಅದನ್ನು ಗೊತ್ತಿಲ್ಲದ ಹಾಗೆ ಸಾರಿಗೆ, ಕಾಫಿಗೆ ಬೆರೆಸಬೇಡಿ. ‘ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಅಂತ ಮಾರುವ ಪುಡಿಗಳನ್ನೂ ತರಬೇಡಿ. ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಆದರೆ ಬೆಳಗ್ಗೆಯೇ ಹೋಗಿ ಕಾಯಬೇಕು, ದಾಖಲಾದರೆ ಮನೆಯವರೊಬ್ಬರು ಜೊತೆಗಿರಬೇಕಾಗುತ್ತದೆ. ಆಮೇಲೆ ಊರಿಗೆ ಮರಳಿದರೆ ಆ ಗುಂಪು ಅಲ್ಲೇ ಉಳಿಯುತ್ತದೆ. ಹಾಸನದವರು ವಾರವಾರ ಬೆಂಗಳೂರಿಗೆ ಬರಲು ಆಗುತ್ತದಾ? ಅದಕ್ಕೆ ಡಿಸ್ಚಾರ್ಜ್ ಆಗುವ ಮುಂಚೆಯೇ ‘ನಮ್ಮ ಊರಿನ ಹತ್ತಿರ ಯಾವ ಗುಂಪಿದೆ?’ ಅಂತ ಅಲ್ಲಿನ ಸೋಷಿಯಲ್ ವರ್ಕರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ನಾವು ಕೇಳಲಿಲ್ಲ. ಮಾತ್ರೆ ಚೀಟಿ ಹಿಡಿದು ಬಂದೆವು, ಮಾತ್ರೆ ಮುಗಿದ ದಿನ ಎಲ್ಲ ಮುಗಿಯಿತು.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ತಿಂಗಳಿಗೆ ಕೆಲವು ಸಾವಿರದಿಂದ ಲಕ್ಷದವರೆಗೂ ತಗೊಳ್ಳುತ್ತಾರೆ. ಒಳ್ಳೆಯವು ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದಿಂದ ಬರುವ ಮನೋತೊಂದರೆಯೂ ಸೇರಿದೆ, ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ಯಾವಾಗ ಬೇಕಾದರೂ ಮಾತಾಡಬಹುದಾ, ಹೊಡೆಯುವುದು ಕಟ್ಟಿಹಾಕುವುದು ಇದೆಯಾ ಅಂತ ನೇರವಾಗಿ ಕೇಳಿ. ಒಳಗೆ ಸುತ್ತಿ ನೋಡಲು ಬಿಡದಿದ್ದರೆ ಅಲ್ಲಿ ಸೇರಿಸಬೇಡಿ. ರಾತ್ರೋರಾತ್ರಿ ವ್ಯಾನ್ ಕಳಿಸಿ ಹಿಡಿದುಕೊಂಡು ಹೋಗುತ್ತೇವೆ ಅನ್ನುವವರ ಸಹವಾಸವೇ ಬೇಡ.

ಆನ್‌ಲೈನ್

ಹತ್ತಿರದಲ್ಲಿ ಗುಂಪಿಲ್ಲದವರಿಗೆ, ನೈಟ್ ಶಿಫ್ಟ್‌ನವರಿಗೆ, ಪುಟ್ಟ ಮಕ್ಕಳಿರುವ ತಾಯಂದಿರಿಗೆ, ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ದೊಡ್ಡ ಆಸರೆ. ಎಎಯ ಮೀಟಿಂಗ್‌ಗಳು ಝೂಮ್‌ನಲ್ಲೂ ನಡೆಯುತ್ತವೆ. ಕ್ಯಾಮೆರಾ ಆಫ್ ಮಾಡಿ ಬರೀ ಕೇಳಬಹುದು. ದೇವರ ಮಾತು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಇದೆ. 1994ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಮನಶ್ಶಾಸ್ತ್ರದ ಅಭ್ಯಾಸಗಳ ಮೇಲೆ ನಿಂತಿದೆ, ಸ್ಪಾನ್ಸರ್ ಇಲ್ಲ, ಹೆಜ್ಜೆಗಳಿಲ್ಲ. ಆದರೆ ಹೆಚ್ಚಿನದು ಇಂಗ್ಲಿಷ್‌ನಲ್ಲೇ.

ಫೋನ್ ಮುಚ್ಚಿದ ಕೂಡಲೇ ಮತ್ತೆ ಒಬ್ಬರೇ, ಅದೇ ಕೋಣೆ. ಆಚೆ ಕಡೆಯವರಿಗೆ ಬಾಯಿಯ ವಾಸನೆ ಗೊತ್ತಾಗುವುದಿಲ್ಲ. ಹಾಗಾಗಿ ಆನ್‌ಲೈನ್ ಒಂದನ್ನೇ ನಂಬಿ ಮೊದಲ ಮೂರು ತಿಂಗಳು ಕಳೆಯಬೇಡಿ ಅನ್ನುತ್ತೇನೆ. ತಿಂಗಳಿಗೆ ಎರಡು ಸಲವಾದರೂ ಒಂದು ಗುಂಪಿನಲ್ಲಿ ಮುಖ ಕೊಟ್ಟು ಕೂತು ಬನ್ನಿ.

ಮನೆಯವರ ಗುಂಪು ಬೇರೆ

ಇದನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ. ಅಲ್-ಅನಾನ್ ಅಂತ ಕುಡಿಯುವವರ ಮನೆಯವರಿಗೆ ಇರುವ ಗುಂಪಿದೆ. ಎಎ ಶುರು ಮಾಡಿದವರಲ್ಲಿ ಒಬ್ಬರ ಹೆಂಡತಿ ಇನ್ನೊಬ್ಬ ಹೆಂಗಸಿನ ಜೊತೆ ಸೇರಿ 1951ರಲ್ಲಿ ಕಟ್ಟಿದ್ದು. ಬೆಂಗಳೂರಿನಲ್ಲಿ ಇದರ ಮೀಟಿಂಗ್‌ಗಳು ನಡೆಯುತ್ತವೆ. ನಾನು ಅಣ್ಣನನ್ನು ಬಿಡಿಸುವ ಉಪಾಯ ಕಲಿಯಲು ಹೋದೆ. ಅಲ್ಲಿ ಕಲಿತದ್ದು ಬೇರೆ. ಅವನ ಆಫೀಸಿಗೆ ಫೋನ್ ಮಾಡಿ ‘ಜ್ವರ’ ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿದೆ. ಬಾರ್ ಸಾಲ ತೀರಿಸುವುದನ್ನು ಅಮ್ಮ ನಿಲ್ಲಿಸಿದರು. ಅತ್ತಿಗೆ ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದನ್ನು ಬಿಟ್ಟು ರಾತ್ರಿ ನಿದ್ದೆ ಮಾಡಲು ಶುರು ಮಾಡಿದರು. ಆರು ತಿಂಗಳ ಮೇಲೆ ಅಣ್ಣ ತಾನಾಗಿಯೇ ‘ಆ ಮೀಟಿಂಗ್ ಎಲ್ಲಿ?’ ಅಂತ ಕೇಳಿದ. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆದರೆ ಅವರು ಬಿಡಲಿ, ಬಿಡದೇ ಇರಲಿ, ನಿಮಗೆ ಉಸಿರಾಡಲು ಜಾಗ ಬೇಕು. ಹೊಡೆತ, ಬೆದರಿಕೆ ಇದ್ದರೆ ಗುಂಪಿಗೆ ಕಾಯಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಹಾಗಾದರೆ ನಿಮಗೆ ಯಾವುದು?

ಬೆಂಗಳೂರಿನಲ್ಲಿ ಕೆಲಸ, ಆಫೀಸಿಗೆ ಗೊತ್ತಾಗಬಾರದು, ರಜೆ ಇಲ್ಲ ಅನ್ನುವವರು ಎಎ ಆರಿಸಿ. ಬೇಕಾದರೆ ನಿಮ್ಮ ಬಡಾವಣೆ ಬಿಟ್ಟು ಪಕ್ಕದ ಬಡಾವಣೆಯದಕ್ಕೆ ಹೋಗಿ. ಹಳ್ಳಿಯಲ್ಲಿದ್ದು, ಊರಿಗೆಲ್ಲ ಹೇಗೂ ಗೊತ್ತಿದ್ದು, ದೇವರ ಮೇಲೆ ನಂಬಿಕೆ ಇದ್ದರೆ ಶಿಬಿರ ಮತ್ತು ನವಜೀವನ ಸಮಿತಿ. ಬೆಳಗ್ಗೆ ನಡುಕ ಇರುವವರಿಗೆ, ಮನಸ್ಸಿನ ಕಾಯಿಲೆಯೂ ಜೊತೆಗಿರುವವರಿಗೆ ಆಸ್ಪತ್ರೆ ಮೊದಲು, ಆಮೇಲೆ ಎರಡರಲ್ಲಿ ಒಂದು. ಕುಡಿಯುವ ಹೆಂಗಸರಿಗೆ, ಗುಟ್ಟಿನ ಭಯ ಎಲ್ಲರಿಗಿಂತ ಜಾಸ್ತಿ ಇರುವುದರಿಂದ, ಆನ್‌ಲೈನ್ ಮೀಟಿಂಗ್ ಮತ್ತು ಒಬ್ಬ ಮನೋವೈದ್ಯರಿಂದ ಶುರು ಮಾಡುವುದು ಸುಲಭ.

ಒಂದೇ ಆರಿಸಬೇಕು ಅಂತ ಯಾರೂ ಹೇಳಿಲ್ಲ, ಅಲ್ವಾ? ಅಣ್ಣ ಮೊದಲ ವರ್ಷ ಮಾತ್ರೆಯನ್ನೂ ತಗೊಂಡ, ಎಎಗೂ ಹೋದ. ಎರಡೂ ಬೇಕಿತ್ತು.

ಒಂದೇ ಸಲ ಹೋಗಿ ‘ನಮಗೆ ಆಗಲ್ಲ’ ಅಂತ ತೀರ್ಮಾನಿಸಬೇಡಿ. ಗುಂಪಿನಿಂದ ಗುಂಪಿಗೆ ಬಹಳ ವ್ಯತ್ಯಾಸ ಇರುತ್ತದೆ. ಒಂದು ಕಡೆ ನಾಲ್ಕು ಸಲ ಹೋಗಿ, ಒಗ್ಗದಿದ್ದರೆ ಇನ್ನೊಂದು ಕಡೆ ನಾಲ್ಕು ಸಲ. ಹೋದಾಗ ಮೂರು ವಿಷಯ ಗಮನಿಸಿ. ಹಲವು ವರ್ಷದಿಂದ ಕುಡಿಯದವರು ಅಲ್ಲಿ ಇದ್ದಾರಾ? ನಿನ್ನೆ ಕುಡಿದವರೂ ಧೈರ್ಯವಾಗಿ ಹೇಳಿಕೊಳ್ಳುತ್ತಾರಾ? ಹೊಸಬರನ್ನು ಯಾರಾದರೂ ಮಾತಾಡಿಸುತ್ತಾರಾ? ಮೂರೂ ಇದ್ದರೆ ಒಳ್ಳೆಯ ಗುಂಪು. ದುಡ್ಡು ಸಾಲ ಕೇಳುವವರು, ವ್ಯಾಪಾರದ ಸ್ಕೀಮ್ ಹೇಳುವವರು ಸಿಕ್ಕರೆ ದೂರ ಇರಿ.

ಮೊದಲ ದಿನ ಹೊಟ್ಟೆ ತುಂಬಾ ತಿಂದು ಹೋಗಿ, ಹಸಿವಿದ್ದರೆ ಸೆಳೆತ ಜಾಸ್ತಿ. ದಿನಾ ಹೋಗುವ ವೈನ್ ಸ್ಟೋರ್ ಇಲ್ಲದ ದಾರಿ ಹಿಡಿಯಿರಿ. ಹತ್ತು ನಿಮಿಷ ಮುಂಚೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಮಾತಾಡಿ ಅಂದರೆ ‘ಇವತ್ತು ಕೇಳ್ತೀನಿ’ ಅಂದರೆ ಸಾಕು. ಬರುವಾಗ ಒಬ್ಬರದಾದರೂ ಫೋನ್ ನಂಬರ್ ತಗೊಂಡು ಬನ್ನಿ. ಆ ನಂಬರ್‌ಗೆ ಕುಡಿದ ಮೇಲಲ್ಲ, ಕುಡಿಯುವ ಮುಂಚೆ ಫೋನ್ ಮಾಡಬೇಕು.

ಅವರು ಬರಲು ಒಪ್ಪುತ್ತಿಲ್ಲ ಅಂದರೆ, ಕುಡಿದಾಗ ಈ ಮಾತು ಎತ್ತಬೇಡಿ. ಬೆಳಗ್ಗೆ ಅಮಲು ಇಳಿದಿರುವಾಗ, ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು ಹೇಳಿ. ಹಳೆಯದನ್ನು ಕೆದಕಬೇಡಿ, ಕುಡಿತ ಬಿಡು ಅಂತಲೂ ಹೇಳಬೇಡಿ. ಎಎಯಲ್ಲಿ ಓಪನ್ ಮೀಟಿಂಗ್ ಅಂತ ಇರುತ್ತವೆ, ಅದಕ್ಕೆ ಮನೆಯವರೂ ಹೋಗಬಹುದು. ಅದು ಯಾವತ್ತು ಅಂತ ಮೊದಲೇ ತಿಳಿದುಕೊಂಡು, ಇಷ್ಟು ಹೇಳಿದರೆ ಸಾಕು: ‘ಗುರುವಾರ ಆರೂವರೆಗೆ ಇದೆಯಂತೆ. ಸುಮ್ನೆ ಒಂದ್ಸಲ ಕೂತು ಬರೋಣ. ನಾನೂ ಬರ್ತೀನಿ.’